ಇಲ್ಲ ಎನ್ನುವುದು ಬೇರೆ, ಕಾಣುತ್ತಿಲ್ಲ ಎನ್ನುವುದು ಬೇರೆ

ಪಿಂಪ್ರಿ-ಚಿಂಚವಡದ ಕಾರ್ಖಾನೆಗಳಲ್ಲಿ ದುಡಿದು ಪುಣೆಯಲ್ಲೇ ನೆಲೆ ನಿಂತ ಉತ್ತರ ಕರ್ನಾಟಕದ ಮನೆತನಗಳು ಸಾಕಷ್ಟಿವೆ. ಮನೆ ಇಲ್ಲಿ, ಹೊಲ ಊರಲ್ಲಿ. ಪಹಣಿ, ಖರೀದಿ ಪತ್ರ, ವಾಟ್ನಿ ಪತ್ರ ಎಲ್ಲವೂ ಮೊದಲು ಗೋದ್ರೇಜ್ ಕಪಾಟಿನಲ್ಲಿದ್ದವು, ಈಗ ಮೊಬೈಲಿನಲ್ಲಿವೆ. ಅಂಥ ಒಂದು ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಇಂಡಿ ತಾಲೂಕಿನಿಂದ ತಮ್ಮ ಫೋನ್ ಮಾಡುತ್ತಾನೆ: "ಅಣ್ಣಾ, ವಾಟ್ನಿ ಪತ್ರದ ಕಾಪಿ ವಾಟ್ಸಾಪ್ ಮಾಡ್ರಿ, ನಾಳೆ ಬ್ಯಾಂಕಿನ್ಯಾಗ ಕೊಡಬೇಕಾಗೇತಿ." ಅಣ್ಣ ಕಾಗದಗಳನ್ನೆಲ್ಲ ಎರಡು ವರ್ಷದ ಹಿಂದೆಯೇ ಒಂದು ಸ್ಕ್ಯಾನರ್ ಆ್ಯಪಿನಲ್ಲಿ ಪಿಡಿಎಫ್ ಮಾಡಿ ಇಟ್ಟಿದ್ದಾರೆ. ದೀಪಾವಳಿಗೆ ಹೊಸ ಫೋನ್ ಕೊಂಡಾಗ ಅಂಗಡಿಯ ಹುಡುಗ ಹಳೆಯ ಫೋನಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸಿಕೊಟ್ಟಿದ್ದಾನೆ. ಅದೇ ಆ್ಯಪನ್ನು ಹೊಸ ಫೋನಿಗೂ ಹಾಕಿಕೊಂಡದ್ದಾಗಿದೆ. ತೆರೆದರೆ ಬಿಳಿ ಪರದೆ, ನಡುವೆ ಒಂದು ಸಾಲು: "ಯಾವುದೇ ದಾಖಲೆ ಇಲ್ಲ."

ಅಲ್ಲಿಗೆ ಮನೆಯಲ್ಲಿ ಗದ್ದಲ. ಹಳೆಯ ಫೋನನ್ನು ಬದಲಿಗೆ ಕೊಟ್ಟಾಗಿದೆ. ಮೂಲ ಪತ್ರ ಯಾವ ಚಿಕ್ಕಪ್ಪನ ಮನೆಯಲ್ಲಿದೆಯೋ ಯಾರಿಗೂ ನೆನಪಿಲ್ಲ. ರಾತ್ರಿ ಬಸ್ಸು ಹಿಡಿದು ಊರಿಗೆ ಹೋಗಿ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ತರುವ ಮಾತಾಗುತ್ತದೆ. ಹಿಂಜವಡಿಯ ಕಂಪನಿಯೊಂದರಲ್ಲಿ ಆ್ಯಪ್ ಬರೆಯುವ ಮಗಳು ಸಂಜೆ ಮನೆಗೆ ಬಂದು, ಫೋನಿನ ಜೊತೆಗೇ ಬಂದ ಫೈಲ್ ಮ್ಯಾನೇಜರ್ ತೆರೆದು, 'ಡಾಕ್ಯುಮೆಂಟ್ಸ್' ಎಂಬ ಫೋಲ್ಡರ್ ಮುಟ್ಟುತ್ತಾಳೆ. ಎಲ್ಲ ಕಾಗದವೂ ಅಲ್ಲೇ ಸಾಲಾಗಿ ಕೂತಿವೆ. "ಅಪ್ಪಾ, ಎಲ್ಲೂ ಹೋಗಿಲ್ಲ, ಇಲ್ಲೇ ಅದಾವ ನೋಡ್ರಿ."

ಫೈಲ್ ಇತ್ತು. ಆ್ಯಪ್ ಇಲ್ಲ ಎಂದಿತು. ಇದನ್ನು ಸಣ್ಣ ತಾಂತ್ರಿಕ ಎಡವಟ್ಟು ಎಂದು ಬಿಟ್ಟುಬಿಡುವುದು ಸುಲಭ. ಆದರೆ ಒಂದು ಪಟ್ಟಿ ತನಗೆ ಕಾಣದ್ದನ್ನು ಇಲ್ಲವೆಂದು ಹೇಳುವುದು ಸುಳ್ಳು ಹೇಳಿದ ಹಾಗೆಯೇ. ಆ್ಯಪ್ ಬರೆಯುವವರು ಮನಸ್ಸು ಮಾಡಿದರೆ ಆ ಸುಳ್ಳನ್ನು ತಪ್ಪಿಸಬಹುದು, ತಪ್ಪಿಸಬೇಕು.

ಫೋನಿನೊಳಗೆ ನಡೆದದ್ದೇನು?

ಒಂದು ಫೋಲ್ಡರಿನಲ್ಲಿ ಏನೇನಿದೆ ಎಂದು ಆ್ಯಪ್ ತಿಳಿದುಕೊಳ್ಳುವ ಬಗೆ ಬಹಳ ಸರಳ. ಆಂಡ್ರಾಯ್ಡಿನಲ್ಲಿ ಜಾವಾ ಭಾಷೆಯ ಕಾಲದಿಂದ ಬಂದ 'ಲಿಸ್ಟ್‌ಫೈಲ್ಸ್' ಎಂಬ ಒಂದು ಆದೇಶವಿದೆ. ಫೋಲ್ಡರಿನ ವಿಳಾಸ ಕೊಟ್ಟು ಇದನ್ನು ಕರೆದರೆ ಒಳಗಿನ ಫೈಲ್‌ಗಳ ಮತ್ತು ಉಪಫೋಲ್ಡರುಗಳ ಪಟ್ಟಿ ಕೈಗೆ ಬರುತ್ತದೆ. ಕೋಡ್ ಕಲಿಯುವವರು ಮೊದಲ ವಾರದಲ್ಲೇ ಬರೆಯುವಂಥ ಸಾಲು ಇದು.

ಆದರೆ ಈ ಆದೇಶಕ್ಕೆ ಎರಡು ಬಗೆಯ ಬರಿಗೈ ಉತ್ತರಗಳಿವೆ. ಫೋಲ್ಡರ್ ನಿಜಕ್ಕೂ ಖಾಲಿ ಇದ್ದರೆ ಸೊನ್ನೆ ಹೆಸರುಗಳಿರುವ ಪಟ್ಟಿ ಬರುತ್ತದೆ. ಫೋಲ್ಡರನ್ನು ಓದಲಾಗದಿದ್ದರೆ, ಅನುಮತಿ ಇಲ್ಲದಿದ್ದರೆ, ಪಟ್ಟಿಯೇ ಬರುವುದಿಲ್ಲ. 'ನಲ್' ಎಂಬ ಶೂನ್ಯ ಬರುತ್ತದೆ. ಮೊದಲನೆಯದು "ನೋಡಿದೆ, ಏನೂ ಇಲ್ಲ" ಎನ್ನುತ್ತದೆ. ಎರಡನೆಯದು "ನೋಡಲು ಆಗಲಿಲ್ಲ" ಎನ್ನುತ್ತದೆ. ಯಂತ್ರ ಇವೆರಡನ್ನೂ ಬೇರೆಬೇರೆಯಾಗಿಯೇ ಹೇಳುತ್ತದೆ. ಒಂದು ಮಾಡುವವನು ಮನುಷ್ಯ. 'ನಲ್' ಬಂದಾಗ ಆ್ಯಪ್ ಕುಸಿಯದಿರಲಿ ಎಂದು ಡೆವಲಪರ್ ಒಂದು ಸಾಲು ಸೇರಿಸುತ್ತಾನೆ: ಏನೂ ಬರದಿದ್ದರೆ ಖಾಲಿ ಪಟ್ಟಿ ಎಂದುಕೊ. ಆ್ಯಪ್ ಕುಸಿಯುವುದು ನಿಲ್ಲುತ್ತದೆ, ಸುಳ್ಳು ಹೇಳುವುದು ಶುರುವಾಗುತ್ತದೆ.

ಮೂರನೆಯದೊಂದು ಉತ್ತರವೂ ಇದೆ, ಅದು ಇನ್ನೂ ತೊಡಕಿನದು. 2019ರ ಆಂಡ್ರಾಯ್ಡ್ 10ರಲ್ಲಿ ಶುರುವಾಗಿ 2020ರ ಆಂಡ್ರಾಯ್ಡ್ 11ರಲ್ಲಿ ಬಿಗಿಯಾದ ಹೊಸ ವ್ಯವಸ್ಥೆಯ ಪ್ರಕಾರ, ಎಲ್ಲರಿಗೂ ಸೇರಿದ ಸಂಗ್ರಹದಲ್ಲಿ ಒಂದು ಆ್ಯಪಿಗೆ ಕಾಣುವುದು ಮುಖ್ಯವಾಗಿ ಎರಡು: ತಾನೇ ಸೃಷ್ಟಿಸಿದ ಫೈಲ್‌ಗಳು, ಮತ್ತು ಅನುಮತಿ ಪಡೆದಿದ್ದರೆ ಚಿತ್ರ, ವಿಡಿಯೋ, ಹಾಡುಗಳು. ಬೇರೆ ಆ್ಯಪ್ ಇಟ್ಟ ಪಿಡಿಎಫ್ ಕಾಣುವುದಿಲ್ಲ. ಫೋಲ್ಡರಿನಲ್ಲಿ ನಲವತ್ತು ಪಿಡಿಎಫ್ ಇದ್ದು ಅವುಗಳಲ್ಲಿ ಈ ಆ್ಯಪಿನದು ಒಂದೂ ಇಲ್ಲವಾದರೆ, ವ್ಯವಸ್ಥೆ ಅವನ್ನು ಸೋಸಿ ತೆಗೆದು ಪಟ್ಟಿ ಕೊಡುತ್ತದೆ. ಸೋಸಿದ್ದೇನೆ ಎಂದು ಹೇಳುವುದಿಲ್ಲ. ಇಲ್ಲಿ ಮೋಸ ಹೋಗುವವರಲ್ಲಿ ಆ್ಯಪ್ ಕೂಡ ಒಂದು.

ಪುಣೆಯ ಆ ಮನೆಯಲ್ಲಿ ಆದದ್ದು ಇದೇ. ಆ ಪಿಡಿಎಫ್‌ಗಳನ್ನು ಮಾಡಿದ್ದು ಅದೇ ಸ್ಕ್ಯಾನರ್ ಆ್ಯಪ್ ಎಂಬುದು ಹಳೆಯ ಫೋನಿಗೆ ಗೊತ್ತಿತ್ತು. ಹೊಸ ಫೋನಿಗೆ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಅವು ಬೇರೆಲ್ಲಿಂದಲೋ ಬಂದು ಬಿದ್ದ ಕಾಗದಗಳು. ಫೋನ್ ಬದಲಿಸಬೇಕೆಂದೂ ಇಲ್ಲ. ಆ್ಯಪನ್ನು ಒಮ್ಮೆ ತೆಗೆದುಹಾಕಿ ಮತ್ತೆ ಹಾಕಿಕೊಂಡರೂ ಹಳೆಯ ಫೈಲ್‌ಗಳೊಂದಿಗಿನ ಅದರ ನಂಟು ಕಡಿದುಹೋಗುತ್ತದೆ. ತಾನೇ ಹೆತ್ತ ಮಕ್ಕಳನ್ನು ಗುರುತು ಹಿಡಿಯದ ತಾಯಿಯ ಸ್ಥಿತಿ ಅದರದು.

ಬಾಗಿಲು ಮುಚ್ಚಿದ್ದು ಯಾಕೆ?

ಹಾಗಾದರೆ ಹಳೆಯ ಕಾಲವೇ ಚೆನ್ನಾಗಿತ್ತೇ? ಇಲ್ಲ. ಬಾಗಿಲು ಮುಚ್ಚಿದ್ದು ಸರಿಯಾಗಿಯೇ ಇದೆ.

2015ರ ಆಂಡ್ರಾಯ್ಡ್ 6ಕ್ಕೂ ಮೊದಲು ಆ್ಯಪ್ ಹಾಕಿಕೊಳ್ಳುವಾಗಲೇ ಎಲ್ಲ ಅನುಮತಿಗಳನ್ನೂ ಒಟ್ಟಿಗೆ ಒಪ್ಪಿಕೊಳ್ಳಬೇಕಿತ್ತು. ಆಮೇಲೆ ಒಂದೊಂದಾಗಿ ಕೇಳುವ ಪದ್ಧತಿ ಬಂತು. ಆದರೂ ಸಂಗ್ರಹದ ಅನುಮತಿ ಎಂದರೆ ಇಡೀ ಮನೆಯ ಬೀಗದಕೈ. ಟಾರ್ಚ್ ಆ್ಯಪೊಂದು ಆ ಅನುಮತಿ ಕೇಳಿ ಪಡೆದರೆ ಮನೆಯ ಪ್ರತಿ ಫೋಲ್ಡರನ್ನೂ ಪಟ್ಟಿ ಮಾಡಬಹುದಿತ್ತು. ಫೈಲ್ ತೆರೆದು ಓದುವುದು ಹಾಗಿರಲಿ, ಹೆಸರುಗಳೇ ಎಷ್ಟೋ ಹೇಳುತ್ತವೆ. 'ರಾಜೀನಾಮೆ ಪತ್ರ', 'ವಿಚ್ಛೇದನ ಅರ್ಜಿ', 'ಬಯಾಪ್ಸಿ ವರದಿ', 'ಬಂಗಾರದ ಸಾಲ ನವೀಕರಣ': ಈ ನಾಲ್ಕು ಹೆಸರು ಓದಿದವನಿಗೆ ಆ ಮನೆಯ ಕಷ್ಟ ತಿಳಿಯಲು ಒಳಗಿನ ಪುಟ ಬೇಕಿಲ್ಲ.

ಕಂಪ್ಯೂಟರ್ ಜಗತ್ತು ಈ ಸೂಕ್ಷ್ಮವನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ಯೂನಿಕ್ಸ್ ವ್ಯವಸ್ಥೆಯಲ್ಲಿ ಫೋಲ್ಡರಿನ ಹೆಸರುಪಟ್ಟಿ ನೋಡುವ ಅನುಮತಿಯೇ ಬೇರೆ, ಫೋಲ್ಡರನ್ನು ಹಾದು ಒಳಗಿನ ಫೈಲನ್ನು ಮುಟ್ಟುವ ಅನುಮತಿಯೇ ಬೇರೆ. ಹೆಸರು ಗೊತ್ತಿದ್ದವನು ಫೈಲ್ ತೆರೆಯಬಹುದು, ಆದರೆ ಪಕ್ಕದಲ್ಲಿ ಇನ್ನೇನಿದೆ ಎಂದು ನೋಡಲಾಗದು. ಹಾಗೂ ಏರ್ಪಾಡು ಮಾಡಬಹುದು. ಪಟ್ಟಿಯೇ ಒಂದು ಗುಟ್ಟು ಎಂಬ ತಿಳಿವಳಿಕೆ ಅದು.

ಆ ತಿಳಿವಳಿಕೆ ಮರೆತದ್ದರ ಬೆಲೆಯನ್ನು ಭಾರತದಲ್ಲಿ ಸಾಲದ ಆ್ಯಪ್‌ಗಳ ಕೈಗೆ ಸಿಕ್ಕವರು ತೆತ್ತರು. ಕೊರೊನಾ ಕಾಲದಲ್ಲಿ ಐದು-ಹತ್ತು ಸಾವಿರ ರೂಪಾಯಿಯ ಸಾಲ ಕೊಡುವ ನೆಪದಲ್ಲಿ ಫೋನಿನ ಸಂಪರ್ಕಪಟ್ಟಿ, ಚಿತ್ರ, ಫೈಲ್‌ಗಳ ಅನುಮತಿ ಪಡೆದು, ಕಂತು ತಪ್ಪಿದಾಗ ಚಿತ್ರಗಳನ್ನು ತಿರುಚಿ ಬಂಧುಗಳಿಗೆ ಕಳಿಸಿದ ಪ್ರಕರಣಗಳು ಊರೂರಲ್ಲೂ ನಡೆದವು. ಪ್ರಾಣ ಕಳೆದುಕೊಂಡವರೂ ಇದ್ದಾರೆ. ಕೊನೆಗೆ 2022ರ ಸೆಪ್ಟೆಂಬರ್ 2ರಂದು ರಿಸರ್ವ್ ಬ್ಯಾಂಕ್ ಡಿಜಿಟಲ್ ಸಾಲದ ಮಾರ್ಗಸೂಚಿ ಹೊರಡಿಸಿ, ಸಾಲದ ಆ್ಯಪ್‌ಗಳು ಫೋನಿನ ಫೈಲ್, ಚಿತ್ರ, ಸಂಪರ್ಕಪಟ್ಟಿ, ಕರೆಗಳ ದಾಖಲೆ ಮುಟ್ಟಕೂಡದು ಎಂದಿತು. ಗೂಗಲ್ ಕೂಡ ತನ್ನ ಪ್ಲೇ ಸ್ಟೋರಿನ ವೈಯಕ್ತಿಕ ಸಾಲದ ಆ್ಯಪ್‌ಗಳಿಗೆ ಚಿತ್ರ ಮತ್ತು ಸಂಪರ್ಕಪಟ್ಟಿಯ ಅನುಮತಿಯನ್ನು 2023ರ ಮೇ 31ರಿಂದ ಇಲ್ಲವಾಗಿಸಿತು.

ಇದಕ್ಕೂ ಮೊದಲು, 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಎಲ್ಲರ ಬಾಯಲ್ಲಿ ಉಳಿದದ್ದು ಟಿಕ್‌ಟಾಕ್. ಅದೇ ಪಟ್ಟಿಯಲ್ಲಿ ಇಎಸ್ ಫೈಲ್ ಎಕ್ಸ್‌ಪ್ಲೋರರ್, ಶೇರ್‌ಇಟ್, ಕ್ಸೆಂಡರ್, ಕ್ಯಾಮ್‌ಸ್ಕ್ಯಾನರ್ ಇದ್ದವು. ನಾಲ್ಕೂ ಫೈಲ್‌ಗಳ ಸುತ್ತ ಕೆಲಸ ಮಾಡುವಂಥವು. ಕಾಗದಗಳನ್ನು ಆ್ಯಪಿನೊಳಗೇ ಇಟ್ಟುಕೊಂಡವರು ಅಂದು ಮೊದಲ ಬಾರಿಗೆ ಕೇಳಿಕೊಳ್ಳಬೇಕಾದ ಪ್ರಶ್ನೆ: ನನ್ನ ಕಾಗದ ನಿಜಕ್ಕೂ ಎಲ್ಲಿದೆ, ಅದರ ಪಟ್ಟಿ ಯಾರ ಹತ್ತಿರ ಇದೆ?

ಪೇಶ್ವೆ ದಫ್ತರದ ಪಾಠ

ಪಟ್ಟಿ ಯಾರ ಹತ್ತಿರ ಇದೆ ಎಂಬ ಪ್ರಶ್ನೆ ಪುಣೆಗೆ ಹೊಸದಲ್ಲ. 1818ರಲ್ಲಿ ಪೇಶ್ವೆ ಆಡಳಿತ ಮುಗಿದಾಗ ಅದರ ಕಾಗದಪತ್ರಗಳು ಇಂಗ್ಲಿಷರ ಕೈಸೇರಿದವು. ಮೋಡಿ ಲಿಪಿಯ ಕೋಟ್ಯಂತರ ಹಾಳೆಗಳು ಬಟ್ಟೆಯ ಗಂಟುಗಳಲ್ಲಿ ಕಟ್ಟಿ ಇಡಲ್ಪಟ್ಟವು. ಆ ಗಂಟಿಗೆ ರುಮಾಲು ಎಂದು ಹೆಸರು. ರುಮಾಲು ಎಂದರೆ ಫೋಲ್ಡರ್, ಒಳಗಿನ ಹಾಳೆ ಫೈಲ್. ಅಂಥ ಮೂವತ್ತು ಸಾವಿರಕ್ಕೂ ಹೆಚ್ಚು ರುಮಾಲುಗಳು ಪುಣೆಯ ಸರ್ಕಾರಿ ಪತ್ರಾಗಾರದಲ್ಲಿ ಇಂದಿಗೂ ಇವೆ.

ಈ ದಫ್ತರವನ್ನು ಇಂಗ್ಲಿಷರು ಜೋಪಾನ ಮಾಡಿದ್ದು ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ. ಇನಾಂ ಭೂಮಿಯ ಹಕ್ಕು ಸಾಚಾ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಅದು ಬೇಕಿತ್ತು. ಅದನ್ನಿಟ್ಟ ಕಚೇರಿಗೆ ಏಲಿಯನೇಷನ್ ಆಫೀಸ್ ಎಂದೇ ಹೆಸರಾಯಿತು. 1852ರ ಕಾಯಿದೆಯಡಿ ಬಲ ಪಡೆದ ಇನಾಂ ಆಯೋಗ ಧಾರವಾಡ, ಬೆಳಗಾವಿ ಸೀಮೆಯ ಇನಾಂದಾರರನ್ನೂ ಬಿಡಲಿಲ್ಲ. ಸರ್ಕಾರದ ಬಳಿ ಇಡೀ ದಫ್ತರ. ಇನಾಂದಾರನ ಬಳಿ ಮನೆಯ ಪೆಟ್ಟಿಗೆಯಲ್ಲಿ ಗೆದ್ದಲಿನಿಂದ ಉಳಿದಷ್ಟು ಸನದು. ಅಂಥ ಹೊತ್ತಿನಲ್ಲಿ "ದಾಖಲೆ ಇಲ್ಲ" ಎಂಬ ಮಾತಿಗೆ ಭೂಮಿಯಷ್ಟು ತೂಕ. ಹುಡುಕಿದವರು ಸರಿಯಾದ ರುಮಾಲು ಬಿಚ್ಚಿದರೋ ಇಲ್ಲವೋ ಎಂದು ಎದುರು ನಿಂತವನು ತಿಳಿಯುವುದು ಹೇಗೆ? ದಕ್ಷಿಣ ಮರಾಠಾ ಸೀಮೆಯಲ್ಲಿ 1857-58ರ ಹೊತ್ತಿಗೆ ಕುದಿಯುತ್ತಿದ್ದ ಅಸಮಾಧಾನಕ್ಕೆ ಈ ಇನಾಂ ವಿಚಾರಣೆಗಳೂ ಒಂದು ಕಾರಣ.

ದಫ್ತರದ ಬಾಗಿಲು ಇತಿಹಾಸಕಾರರಿಗೂ ದಶಕಗಳ ಕಾಲ ಮುಕ್ತವಾಗಿ ತೆರೆಯಲಿಲ್ಲ. ಕೊನೆಗೆ ಜದುನಾಥ ಸರ್ಕಾರರ ಬೆಂಬಲದೊಂದಿಗೆ ಗೋವಿಂದ ಸಖಾರಾಮ ಸರದೇಸಾಯಿ ಒಳಹೊಕ್ಕು, 1930ರಿಂದ 1934ರ ನಡುವೆ ಆಯ್ದ ಕಾಗದಗಳನ್ನು 45 ಸಂಪುಟಗಳಲ್ಲಿ ಹೊರತಂದರು. 1933ರಲ್ಲಿ ದಫ್ತರದ ದಾಖಲೆಗಳಿಗೆ ಒಂದು ಕೈಪಿಡಿಯೂ ಅಚ್ಚಾಯಿತು. ಅಂದರೆ ಹೊರಗಿನ ಓದುಗ ಒಳಗೇನಿದೆ ಎಂದು ಅಂದಾಜಿಸಬಲ್ಲ ಅಚ್ಚಿನ ಪಟ್ಟಿ ಬರುವ ಹೊತ್ತಿಗೆ ಪೇಶ್ವೆ ಆಡಳಿತ ಮುಗಿದು ಶತಮಾನ ಕಳೆದಿತ್ತು.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಸಂಬಂಧವಿಲ್ಲದವನ ಕೈಗೆ ಪೂರ್ತಿ ಪಟ್ಟಿ ಹೋಗಬಾರದು. ಸಂಬಂಧಪಟ್ಟವನಿಗೆ ಪೂರ್ತಿ ಪಟ್ಟಿ ಸಿಗದೆ ಇರಬಾರದು. ಮೊಬೈಲ್ ಜಗತ್ತು ಕಳೆದ ಕೆಲವು ವರ್ಷಗಳಲ್ಲಿ ಮೊದಲನೆಯದನ್ನು ಚೆನ್ನಾಗಿಯೇ ಕಲಿತಿದೆ. ಎರಡನೆಯದನ್ನು ಇನ್ನೂ ಕಲಿಯಬೇಕಿದೆ.

ಆ್ಯಪ್ ಬರೆಯುವವರ ಹೊಣೆ

"ವ್ಯವಸ್ಥೆಯೇ ಸೋಸಿ ಕೊಟ್ಟರೆ ನಾವೇನು ಮಾಡೋಣ?" ಎಂಬುದು ಡೆವಲಪರುಗಳ ಸಾಮಾನ್ಯ ಉತ್ತರ. ಅರ್ಧ ನ್ಯಾಯದ ಮಾತು. ಸೋಸಿ ಹೋದದ್ದು ಏನೆಂದು ಆ್ಯಪಿಗೆ ತಿಳಿಯದು ನಿಜ. ಆದರೆ ತನಗೆ ಯಾವ ಅನುಮತಿ ಇದೆ, ಯಾವುದು ಇಲ್ಲ ಎಂಬುದು ಅದಕ್ಕೆ ಗೊತ್ತು. ಆದ್ದರಿಂದ ಪಟ್ಟಿ ಖಾಲಿ ಬಂದಾಗ ಪರದೆಯ ಮೇಲೆ ಬರೆಯಬೇಕಾದ ವಾಕ್ಯ "ಯಾವುದೇ ದಾಖಲೆ ಇಲ್ಲ" ಎಂದಲ್ಲ. "ಈ ಆ್ಯಪ್ ತಾನೇ ಮಾಡಿದ ದಾಖಲೆಗಳನ್ನಷ್ಟೇ ನೋಡಬಲ್ಲದು. ನಿಮ್ಮ ಹಳೆಯ ದಾಖಲೆಗಳು ಫೋನಿನಲ್ಲಿ ಇರಬಹುದು. ಅವಿರುವ ಫೋಲ್ಡರ್ ತೋರಿಸಿ" ಎಂದು. ಮೂರು ವಾಕ್ಯ, ಕೆಳಗೆ ಒಂದು ಗುಂಡಿ. ಅಷ್ಟಿದ್ದರೆ ಆ ಮನೆಯಲ್ಲಿ ಬಸ್ಸಿನ ಮಾತೇ ಬರುತ್ತಿರಲಿಲ್ಲ.

ಆ ಗುಂಡಿಯ ಹಿಂದಿನ ವ್ಯವಸ್ಥೆಯೂ ಹೊಸದೇನಲ್ಲ. ಬಳಕೆದಾರನೇ ಒಂದು ಫೋಲ್ಡರನ್ನು ಆರಿಸಿ ಆ್ಯಪಿಗೆ ಒಪ್ಪಿಸುವ ದಾರಿ 2014ರ ಆಂಡ್ರಾಯ್ಡ್ 5ರಿಂದಲೂ ಇದೆ. ಒಮ್ಮೆ ಒಪ್ಪಿಸಿದರೆ ಆ ಅನುಮತಿಯನ್ನು ಉಳಿಸಿಕೊಳ್ಳಬಹುದು, ಪ್ರತಿ ಸಲ ಕೇಳಬೇಕಿಲ್ಲ. ಮನೆಗೆ ಬಂದ ಬಡಗಿಗೆ ಅಡುಗೆಮನೆಯ ಬಾಗಿಲಷ್ಟನ್ನೇ ತೆರೆದುಕೊಟ್ಟ ಹಾಗೆ. ಐಫೋನಿನಲ್ಲೂ ಹೀಗೆಯೇ: ಪ್ರತಿ ಆ್ಯಪೂ ಮೊದಲಿನಿಂದ ತನ್ನ ಗೋಡೆಯೊಳಗೇ ಇದೆ, ಹೊರಗಿನ ಫೈಲ್ ಬೇಕಾದರೆ ಬಳಕೆದಾರ ಕೈಯಾರೆ ಆರಿಸಿಕೊಡಬೇಕು; 2017ರಲ್ಲಿ ಬಂದ 'ಫೈಲ್ಸ್' ಆ್ಯಪ್ ಅದಕ್ಕೊಂದು ಮುಖ ಕೊಟ್ಟಿತು. ಆಂಡ್ರಾಯ್ಡಿನ ದಾರಿಯಲ್ಲಿ ಒಂದು ಮುಳ್ಳಿದೆ. 11ನೇ ಆವೃತ್ತಿಯಿಂದ ಡೌನ್‌ಲೋಡ್ ಫೋಲ್ಡರನ್ನು ಇಡಿಯಾಗಿ ಒಪ್ಪಿಸಲು ಬರುವುದಿಲ್ಲ, ಫೈಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಡಬೇಕು. ಜನರ ಪಹಣಿ, ಅಂಕಪಟ್ಟಿ, ವಿಮೆಯ ಕಾಗದ ಬಿದ್ದಿರುವುದೇ ಡೌನ್‌ಲೋಡ್ ಫೋಲ್ಡರಿನಲ್ಲಿ ಎಂಬುದನ್ನು ನೆನೆದರೆ, ಇದನ್ನೂ ಆ್ಯಪ್ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಇನ್ನೊಂದು ಸುಲಭದ ದಾರಿಯಿದೆ: ಎಲ್ಲ ಫೈಲ್‌ಗಳ ಅನುಮತಿಯನ್ನೇ ಕೇಳಿಬಿಡುವುದು. ಫೈಲ್ ಮ್ಯಾನೇಜರ್, ಬ್ಯಾಕಪ್, ಆ್ಯಂಟಿವೈರಸ್‌ನಂಥ ಆ್ಯಪ್‌ಗಳಿಗೆ ಅದು ಬೇಕು. 2021ರಿಂದ ಪ್ಲೇ ಸ್ಟೋರ್ ಆ ಅನುಮತಿ ಬೇಡುವವರಿಂದ ಕಾರಣ ಬರೆಸಿಕೊಳ್ಳುತ್ತದೆ. ಒಂದು ಫೋಲ್ಡರಿನ ಪಟ್ಟಿಗಾಗಿ ಇಡೀ ಮನೆಯ ಬೀಗದಕೈ ಕೇಳುವುದು ಸೋಮಾರಿತನ. ಹಾಗೆ ಕೇಳಿ ಕೇಳಿಯೇ ಜನರಿಗೆ 'ಅನುಮತಿಸಿ' ಎಂಬ ಗುಂಡಿಯನ್ನು ಓದದೆ ಒತ್ತುವ ರೂಢಿ ಬಿದ್ದದ್ದು. ಸಾಲದ ಆ್ಯಪ್‌ಗಳಿಗೆ ಹಾದಿ ಮಾಡಿಕೊಟ್ಟದ್ದೂ ಆ ರೂಢಿಯೇ.

ಕನ್ನಡದ ಹೆಸರುಗಳಿಗೆ ಇನ್ನೊಂದು ಬಗೆಯ 'ಇಲ್ಲ' ಕಾದಿರುತ್ತದೆ. 'ಕೊ' ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. 'ಕೊಳವೆಬಾವಿ ರಸೀದಿ' ಎಂಬ ಫೈಲ್ ಒಂದು ರೀತಿಯಲ್ಲಿ ಉಳಿದಿದ್ದು, ಹುಡುಕುವಾಗ ಇನ್ನೊಂದು ರೀತಿಯಲ್ಲಿ ಟೈಪ್ ಆದರೆ, ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಾರದ ಆ್ಯಪ್ ಮತ್ತೆ "ಇಲ್ಲ" ಎನ್ನುತ್ತದೆ. ಹೀಗೆ ಒಂದು ರೂಪಕ್ಕೆ ತರುವ ಸೌಲಭ್ಯ ಜಾವಾ, ಸ್ವಿಫ್ಟ್ ಎರಡರಲ್ಲೂ ಸಿದ್ಧವಾಗಿದೆ. ಬೇಕಾದದ್ದು ಒಂದು ಸಾಲಿನ ಕೋಡ್ ಮತ್ತು ಕನ್ನಡದ ಹೆಸರಿಟ್ಟು ಒಮ್ಮೆ ಪರೀಕ್ಷಿಸಿ ನೋಡುವ ಮನಸ್ಸು.

ಪಟ್ಟಿಯಲ್ಲಿ ಇಷ್ಟೆಲ್ಲ ವಿವರಣೆ ತುಂಬಿದರೆ ಬಳಕೆದಾರ ಗಲಿಬಿಲಿಗೊಳ್ಳುತ್ತಾನೆ, ಸರಳವಾಗಿರಲಿ ಎಂಬ ವಾದವನ್ನೂ ಕೇಳಬಹುದು. ಬ್ಯಾಂಕಿನ ಗುಮಾಸ್ತ "ನಿಮ್ಮ ಠೇವಣಿ ಇಲ್ಲ" ಎನ್ನುವುದು "ಈ ಶಾಖೆಯ ಪುಸ್ತಕದಲ್ಲಿ ಕಾಣುತ್ತಿಲ್ಲ, ಹಳೆಯ ಶಾಖೆಯಲ್ಲಿ ಕೇಳಿ" ಎನ್ನುವುದಕ್ಕಿಂತ ಸರಳವೇ. ಆದರೆ ಅದನ್ನು ಯಾರೂ ಒಳ್ಳೆಯ ಸೇವೆ ಎನ್ನುವುದಿಲ್ಲ.

ಒಡೆಯನಿಗೆ ಸಲ್ಲಬೇಕಾದದ್ದು

ಹೊಣೆ ಡೆವಲಪರುಗಳದ್ದಷ್ಟೇ ಅಲ್ಲ. ಆಂಡ್ರಾಯ್ಡ್ 11ರಿಂದ ಆ್ಯಪ್‌ಗಳ ಖಾಸಗಿ ಫೋಲ್ಡರುಗಳಿರುವ ಜಾಗ ಪ್ಲೇ ಸ್ಟೋರಿನಿಂದ ಹಾಕಿಕೊಂಡ ಫೈಲ್ ಮ್ಯಾನೇಜರುಗಳಿಗೆ ಮುಚ್ಚಿದೆ. ಎಲ್ಲ ಫೈಲ್‌ಗಳ ಅನುಮತಿ ಇದ್ದರೂ ಅಲ್ಲಿಗೆ ಪ್ರವೇಶವಿಲ್ಲ. ಒಂದು ಆ್ಯಪ್ ಇನ್ನೊಂದರ ಕೋಣೆಗೆ ಇಣುಕದಿರಲಿ ಎಂಬುದು ಸರಿ. ಆದರೆ ಹಣ ಕೊಟ್ಟು ಫೋನ್ ಕೊಂಡವನಿಗೂ ಆ ಕೋಣೆಯಲ್ಲಿ ತನ್ನ ಯಾವ ಕಾಗದಗಳಿವೆ ಎಂದು ನೋಡುವ ಸರಳ ದಾರಿ ಇಲ್ಲದಂತಾಗಿದೆ. ಆ್ಯಪಿಗೆ ಹಾಕಿದ ಬೀಗವನ್ನು ಒಡೆಯನಿಗೂ ಹಾಕಿದಂತಾಯಿತು. ಫೋನಿನ ವ್ಯವಸ್ಥೆ ಮಾಡುವವರು ಒಡೆಯನಿಗೆಂದೇ, ಎಲ್ಲವನ್ನೂ ತೋರಿಸುವ, ಹೊರಗೆ ಒಯ್ಯಲು ಬಿಡುವ ಒಂದು ಪಟ್ಟಿಯನ್ನು ಕೊಡಬೇಕು.

ಭಾಷೆಯ ವಿಷಯದಲ್ಲಿ ಕಾನೂನು ಒಂದು ಹೆಜ್ಜೆ ಮುಂದಿಟ್ಟಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕು. ಕನ್ನಡವೂ ಅದರಲ್ಲಿ ಸೇರಿದೆ. ಆದರೆ ಕಾಯಿದೆ ಮಾತಾಡುವುದು ಕೇಳುವ ಹೊತ್ತಿನ ಬಗ್ಗೆ. ಅನುಮತಿ ಇಲ್ಲದ್ದರಿಂದ ಏನು ಕಾಣುತ್ತಿಲ್ಲ ಎಂಬುದನ್ನು ಅದೇ ಭಾಷೆಯಲ್ಲಿ ತಿಳಿಸುವುದು ಕಾನೂನಿಗಿಂತ ಹೆಚ್ಚಾಗಿ ಸೌಜನ್ಯದ ಮಾತು. ಪುಣೆಯಲ್ಲಿ ಮರಾಠಿ ಮಾತಾಡುತ್ತ, ಮನೆಯಲ್ಲಿ ಕನ್ನಡ ಓದುತ್ತ, ಫೋನಿನಲ್ಲಿ ಇಂಗ್ಲಿಷಿನ ಎಚ್ಚರಿಕೆಗಳನ್ನು ಅಂದಾಜಿನ ಮೇಲೆ ದಾಟುವ ಹಿರಿಯರಿಗೆ ಆ ಸೌಜನ್ಯ ಬೇಕು.

ಆ ಮನೆಯಲ್ಲಿ ವಾಟ್ನಿ ಪತ್ರ ಅದೇ ರಾತ್ರಿ ಇಂಡಿಗೆ ತಲುಪುತ್ತದೆ, ಯಾಕೆಂದರೆ ಮಗಳಿಗೆ ಫೋಲ್ಡರ್ ಗೊತ್ತಿತ್ತು. ಎಲ್ಲರ ಮನೆಯಲ್ಲೂ ಹಿಂಜವಡಿಗೆ ಹೋಗುವ ಮಗಳಿರುವುದಿಲ್ಲ. ಅಂಥವರು ಆ್ಯಪ್ ಹೇಳಿದ 'ಇಲ್ಲ'ವನ್ನು ನಂಬಿ ಬಸ್ಸು ಹತ್ತುತ್ತಾರೆ, ಅಥವಾ ಜಾಗ ಖಾಲಿಯಾಗಲೆಂದು ಫೋನನ್ನೇ ಅಳಿಸಿ ಹೊಸದು ಮಾಡಿ ನಿಜಕ್ಕೂ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ನಾಳೆ ಬೆಳಿಗ್ಗೆ ಹಿಂಜವಡಿಯಲ್ಲೋ ಬೆಂಗಳೂರಿನಲ್ಲೋ ಯಾರಾದರೂ ಒಂದು ಫೋಲ್ಡರಿನ ಪಟ್ಟಿ ತೋರಿಸುವ ಕೋಡ್ ಬರೆಯುವಾಗ, ಪಟ್ಟಿ ಖಾಲಿ ಬಂದರೆ ಪರದೆಯ ಮೇಲೆ ಏನು ಬರೆಯಬೇಕು ಎಂದು ಐದು ನಿಮಿಷ ಯೋಚಿಸಿದರೆ ಸಾಕು, ಕೆಲವು ಮನೆಗಳ ರಾತ್ರಿ ಬಸ್ಸು ತಪ್ಪುತ್ತದೆ.